‘ನಿಮ್ಮ ಸಾಲು ಇದ್ದರೆ ಸಾಕು’ ಅನ್ನಬೇಡಿ

ನಿನ್ನೆ ರಿಹರ್ಸಲ್ ಮುಗಿಸಿ ಬಂದಾಗಿನಿಂದ ಹೊಟ್ಟೆಯೊಳಗೆ ಸಂಕಟ. ಬರೆಯದೆ ಇದ್ದರೆ ಇವತ್ತೂ ನಿದ್ದೆ ಬರೋದಿಲ್ಲ.

ನಮ್ಮ ಕಾಯರ್‌ನಲ್ಲಿ, ಅಂದರೆ ಒಟ್ಟಾಗಿ ಹಾಡುವ ತಂಡದಲ್ಲಿ, ಹ್ಯಾಂಡೆಲ್ ಬರೆದ ದೊಡ್ಡ ಗಾಯನಕೃತಿ ‘ಮೆಸಾಯ’ದ ತಯಾರಿ ನಡೀತಿದೆ. ನಿನ್ನೆ ಅದರ ‘ಹಲ್ಲೆಲೂಯಾ’ ಕೋರಸ್. ಹಾಡಿದವರಿಗೂ ಕೇಳಿದವರಿಗೂ ಗೊತ್ತು, ಕೊನೆಯಲ್ಲಿ ಹಲ್ಲೆಲೂಯಾದ ಮೇಲೆ ಹಲ್ಲೆಲೂಯಾ ಬಂದು ಬಂದು ಎಲ್ಲರೂ ತಟ್ಟನೆ ನಿಲ್ಲುತ್ತೇವೆ. ಪೂರ್ತಿ ಮೌನ. ಆಮೇಲೆ ನಿಧಾನವಾಗಿ ಕಡೆಯದೊಂದು ಹಲ್ಲೆಲೂಯಾ. ನಿನ್ನೆ ಆ ಮೌನದ ನಡುವೆ ನನ್ನ ಪಕ್ಕದಿಂದ ಒಂದೇ ಒಂದು ದನಿ ಹೊರಟು ಅಲ್ಲೇ ಮುರಿದುಬಿತ್ತು. ಸೇರಿ ಮೂರು ವಾರವಾದ ಹುಡುಗಿ. ಎಲ್ಲ ಕಡೆಯಿಂದ ತಲೆಗಳು ತಿರುಗಿದವು. ‘ಎಣಿಸಿ, ದಯವಿಟ್ಟು ಎಣಿಸಿ’ ಅಂದರು ನಮ್ಮನ್ನು ಹಾಡಿಸುವ ಕಂಡಕ್ಟರ್. ಅವಳು ಕೈಲಿದ್ದ ಹಾಳೆಗಳನ್ನು ಎದೆಗೆ ಒತ್ತಿಕೊಂಡು ನಿಂತಳು.

ಆಗ ನೋಡಿದೆ ಆ ಹಾಳೆಗಳನ್ನು. ಬಿಡಿ ಬಿಡಿ ಜೆರಾಕ್ಸ್. ಇರೋದು ಆಲ್ಟೊ, ಅಂದರೆ ನಾವು ಹಾಡುವ ಹೆಂಗಸರ ತಗ್ಗಿನ ದನಿಯ ಸಾಲು ಒಂದೇ. ಉಳಿದ ದನಿಗಳಾದ ಸೊಪ್ರಾನೊ ಇಲ್ಲ, ಟೆನರ್ ಇಲ್ಲ, ಬಾಸ್ ಇಲ್ಲ, ಪಿಯಾನೊ ಇಲ್ಲ. ಹೊಸಬರಿಗೆ ಗೊಂದಲ ಆಗಬಾರದು ಅಂತ ಯಾರೋ ವೋಕಲ್ ಸ್ಕೋರ್‌ನಿಂದ (ಎಲ್ಲ ದನಿಗಳ ಸಾಲೂ ಪಿಯಾನೊ ಸಾಲೂ ಒಟ್ಟಿಗಿರುವ ಪುಸ್ತಕ) ಒಂದು ಸಾಲು ಕತ್ತರಿಸಿ ಅಂಟಿಸಿ ಕೊಟ್ಟಿದ್ದಾರೆ. ‘ನಿಮ್ಮ ಸಾಲು ಇದ್ದರೆ ಸಾಕು’ ಅಂದರಂತೆ.

ಸಾಲದು. ಖಂಡಿತ ಸಾಲದು.

ಅವಳ ಹಾಳೆಯಲ್ಲಿ ಆ ಜಾಗದಲ್ಲಿ ಒಂದು ರೆಸ್ಟ್, ಅಂದರೆ ಹಾಡದೆ ಸುಮ್ಮನಿರಿ ಅನ್ನುವ ಗುರುತಿದೆ, ಅಷ್ಟೇ. ಹಿಂದೆ ಬಂದ ಹತ್ತಾರು ರೆಸ್ಟ್‌ಗಳ ಹಾಗೇ ಅದೂ ಒಂದು. ಅಲ್ಲಿ ಯಾರೂ ಹಾಡುವುದಿಲ್ಲ, ವಾದ್ಯವೂ ನಿಲ್ಲುತ್ತದೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ವೋಕಲ್ ಸ್ಕೋರ್‌ನಲ್ಲಿ ಮೇಲೆ ನಾಲ್ಕು ದನಿಗಳ ನಾಲ್ಕು ಸಾಲು, ಕೆಳಗೆ ಪಿಯಾನೊದ ಎರಡು. ಆರರಲ್ಲೂ ಅದೇ ರೆಸ್ಟ್, ಒಂದರ ಕೆಳಗೊಂದು ನೇರ ನಿಂತಿರುತ್ತದೆ. ಪುಟದ ಅಷ್ಟು ಜಾಗ ಖಾಲಿ. ಎಣಿಸೋದಕ್ಕೆ ಮುಂಚೆಯೇ ಕಣ್ಣಿಗೆ ಮೌನ ಕಾಣಿಸುತ್ತದೆ.

ಅದಕ್ಕೂ ಮುಂಚೆ ‘ಅಂಡ್ ಹಿ ಶಲ್ ರೇನ್’ ಭಾಗ ತಗೊಳ್ಳಿ. ಮೊದಲು ಬಾಸ್, ಆಮೇಲೆ ಟೆನರ್, ಆಮೇಲೆ ನಾವು. ಪುಸ್ತಕ ಕೈಲಿದ್ದರೆ ನಾನು ಎಣಿಸೋದೇ ಇಲ್ಲ. ಟೆನರ್ ಸಾಲಿನ ಮೇಲೆ ಕಣ್ಣಿಟ್ಟು ಅವರ ಜೊತೆ ಒಳಗೊಳಗೇ ಹಾಡಿಕೊಂಡು, ಅವರ ಸ್ವರದಿಂದ ನನ್ನ ಸ್ವರ ಎತ್ತಿಕೊಳ್ಳುತ್ತೇನೆ. ಒಂಟಿ ಸಾಲು ಹಿಡಿದವಳು ಕತ್ತಲಲ್ಲಿ ಮೆಟ್ಟಿಲು ಎಣಿಸಿದ ಹಾಗೆ ಬಾರ್, ಅಂದರೆ ತಾಳದ ಒಂದೊಂದೇ ಖಾನೆ ಎಣಿಸುತ್ತಾ ಕೂರಬೇಕು. ಕೆಳಗಿನ ಪಿಯಾನೊ ಸಾಲುಗಳನ್ನು ಪಿಯಾನೊ ನುಡಿಸುವವರಿಗೆ ಮಾತ್ರ ಅಂದುಕೊಂಡಿದ್ದಾರೆ ಹಲವರು. ಇಡೀ ಆರ್ಕೆಸ್ಟ್ರಾವನ್ನು ಹತ್ತು ಬೆರಳಿಗೆ ಇಳಿಸಿ ಬರೆದಿರುವುದು ಅದು. ಸಂಗೀತಕಾರ ಬ್ರಾಮ್ಸ್ ತನ್ನ ‘ಜರ್ಮನ್ ರಿಕ್ವಿಯಮ್’ ಎಂಬ ಕೃತಿಗೆ ಆ ಕೆಲಸವನ್ನು ತಾನೇ ಕೂತು ಮಾಡಿದ.

ಸಂಗೀತಕಾರ ಬಾಖ್‌ನ ಕಾಯರ್ ಹುಡುಗರು ಒಂಟಿ ಸಾಲು ನೋಡಿಯೇ ಹಾಡುತ್ತಿದ್ದರಲ್ಲ ಅಂತ ನಿನ್ನೆಯೇ ಒಬ್ಬರು ಕೇಳಿದರು. ಹೌದು, ಬಾಖ್ ಇದ್ದ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕೈಬರಹದ ಒಂಟಿ ಸಾಲಿನ ಹಾಳೆಗಳೇ ಇದ್ದವು. ಆದರೆ ಆ ಹುಡುಗರು ಶಾಲೆಯಲ್ಲೇ ವಾಸವಿದ್ದು, ಸಂಗೀತದಲ್ಲೇ ಬೆಳೆದವರು. ವಾರಕ್ಕೊಂದು ಸಂಜೆ, ದಿನದ ದುಡಿಮೆ ಮುಗಿಸಿ ಬರುವ ನಮಗೂ ಅವರಿಗೂ ಯಾವ ಹೋಲಿಕೆ?

ನಮ್ಮಂಥವರಿಗಾಗಿಯೇ ಹುಟ್ಟಿದ್ದು ಈ ಪುಸ್ತಕ. 1840ರ ದಶಕದಲ್ಲಿ ಲಂಡನ್ನಿನ ನೊವೆಲ್ಲೊ ಪ್ರಕಾಶನ ‘ಮೆಸಾಯ’ದ ವೋಕಲ್ ಸ್ಕೋರನ್ನು ತಿಂಗಳಿಗೊಂದು ಕಂತಿನಂತೆ, ಕಂತಿಗೆ ಆರು ಪೆನ್ಸ್‌ಗೆ ಮಾರಿತು. ದೊಡ್ಡ ದುಬಾರಿ ಪುಟಗಳಲ್ಲಿದ್ದ ಸಂಗೀತ ಕೈಲಿ ಹಿಡಿಯುವಷ್ಟು ಚಿಕ್ಕದಾಗಿ ಸಾಮಾನ್ಯ ಹಾಡುಗಾರರ ಪಾಲಿಗೂ ಬಂತು. ಅಷ್ಟು ಕಷ್ಟಪಟ್ಟು ಅವರ ಕೈಗಿಟ್ಟ ಇಡೀ ಪುಟವನ್ನು ನಾವು ಕತ್ತರಿ ಹಿಡಿದು ಮತ್ತೆ ಒಂಟಿ ಸಾಲು ಮಾಡುತ್ತಿದ್ದೇವೆ!

ದುಡ್ಡಿನ ಮಾತು ಬರುತ್ತದೆ, ಗೊತ್ತು. ಹ್ಯಾಂಡೆಲ್‌ನ ಹಕ್ಕುಗಳೆಲ್ಲ ಎಂದೋ ಮುಗಿದಿವೆ. ಹಳೆಯ ಮುದ್ರಣಗಳು ಐಎಂಎಸ್‌ಎಲ್‌ಪಿ ಎಂಬ ಸಂಗೀತದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಇಡೀ ಸ್ಕೋರ್ ಅಚ್ಚು ಹಾಕಿಸಿ ಬೈಂಡ್ ಮಾಡಿಸಿ ಕೊಡಿ. ಟ್ಯಾಬ್ಲೆಟ್‌ನಲ್ಲಿ ನೋಡುವವರ ಮೇಲೂ ನನ್ನ ತಕರಾರಿಲ್ಲ, ಆರೂ ಸಾಲು ಕಂಡರೆ ಸರಿ.

ಒಂದು ಮಾತು ಮುಚ್ಚಿಡಬಾರದು. ಹಿಂದೆ ಎರಡು ವರ್ಷ ಕಾಯರ್‌ನ ಪುಸ್ತಕಗಳ ಜವಾಬ್ದಾರಿ ನನ್ನದಾಗಿತ್ತು. ಆಗ ನಾನೂ ಹೊಸಬರಿಗೆ ಇಂಥ ಹಾಳೆಗಳನ್ನು ಕೊಟ್ಟಿದ್ದೇನೆ, ಇದೇ ಮಾತು ಹೇಳಿದ್ದೇನೆ. ಅವರಲ್ಲಿ ಇಬ್ಬರು ಒಂದೇ ತಿಂಗಳಲ್ಲಿ ಬಿಟ್ಟುಹೋದರು. ಅವರಿಗೆ ಆಸಕ್ತಿ ಇಲ್ಲ ಅಂದುಕೊಂಡಿದ್ದೆ. ನಿನ್ನೆ ಆ ಹುಡುಗಿಯ ಮುಖ ನೋಡಿದಾಗ ಆ ಇಬ್ಬರ ನೆನಪಾಯಿತು.

ಉಳಿದ ಹೊತ್ತು ನನ್ನ ಪುಸ್ತಕವನ್ನು ಇಬ್ಬರ ನಡುವೆ ಹಿಡಿದುಕೊಂಡೆ. ಎರಡನೇ ಸಲ ಆ ಜಾಗ ಬಂದಾಗ ಅವಳ ಬೆರಳು ಆರು ಸಾಲುಗಳ ಮೇಲೆ ಮೇಲಿಂದ ಕೆಳಗೆ ಹರಿಯಿತು. ಬಾಯಿ ಮುಚ್ಚಿತ್ತು. ಮೌನ ಮುಗಿದ ಮೇಲೆ ಕಡೆಯ ಹಲ್ಲೆಲೂಯಾಕ್ಕೆ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದಳು.

ಇವತ್ತು ಬೆಳಿಗ್ಗೆ ಕಪಾಟಿನಿಂದ ನನ್ನ ಇನ್ನೊಂದು ಪ್ರತಿ ತೆಗೆದಿಟ್ಟಿದ್ದೇನೆ, ಅವಳಿಗೆ. ಅದು ಬೇರೆನ್‌ರೈಟರ್ ಎಂಬ ಬೇರೆ ಪ್ರಕಾಶನದ ಮುದ್ರಣ. ಕಾಯರ್‌ನ ಉಳಿದವರ ಕೈಲಿರುವುದು ನೊವೆಲ್ಲೊ. ನೊವೆಲ್ಲೊದಲ್ಲಿ ‘ಹಲ್ಲೆಲೂಯಾ’ 44ನೆಯದು, ಬೇರೆನ್‌ರೈಟರ್‌ನಲ್ಲಿ 39. ‘ನಲವತ್ತನಾಲ್ಕು ತೆಗೀರಿ’ ಅಂತ ಕಂಡಕ್ಟರ್ ಅಂದರೆ ಅವಳು ‘ಮೆಸಾಯ’ದ ಮೂರನೇ ಭಾಗಕ್ಕೆ ಹೋಗಿ ನಿಂತಿರುತ್ತಾಳೆ, ಮತ್ತೆ ತಲೆಗಳು ತಿರುಗುತ್ತವೆ. ಅದಕ್ಕೇ ಪೆನ್ಸಿಲ್ ಹಿಡಿದು ಕೂತಿದ್ದೇನೆ. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಬರೆಯುತ್ತಿದ್ದೇನೆ. ಎರಡನೇ ಭಾಗದ ಅರ್ಧಕ್ಕೆ ಬಂದಿದ್ದೇನೆ.