ನಾರು: ಪುಡಿಯೋ, ತಟ್ಟೆಯೋ?

ಹೊರನಾಡಿಗೆ ಬಂದ ಮೇಲೆ ಕಂಡದ್ದು: ಹೃದಯಕ್ಕಾಗಿ ನಾರಿನಂಶ ಹೆಚ್ಚಿಸಲು ಹೊರಟವರು ಎರಡು ದಾರಿ ಹಿಡಿಯುತ್ತಾರೆ. ಕೆಲವರು ಊಟ ಇದ್ದಂತೆಯೇ ಇರಲಿ ಎಂದು ಅದರ ಮೇಲೆ ಒಂದು ಚಮಚ ನಾರಿನ ಪುಡಿ ಕಲಸಿ ಕುಡಿಯುತ್ತಾರೆ. ಇನ್ನು ಕೆಲವರು ಊಟವನ್ನೇ ಬದಲಿಸುತ್ತಾರೆ. ನಾನು ಎರಡನೆಯವರ ಪರ.

ಹಾಗೆಂದು ಪುಡಿಯನ್ನು ಹೀಗಳೆಯುವಂತಿಲ್ಲ. ಇಸಬ್ಗೋಲ್ ಎಂಬ ನಾರಿನ ಪುಡಿ ಎಲ್‌ಡಿಎಲ್ ಅಂದರೆ ‘ಕೆಟ್ಟ’ ಕೊಲೆಸ್ಟರಾಲನ್ನು ಇಳಿಸುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇದೆ. ಓಟ್ಸ್, ಬಾರ್ಲಿಗಳಲ್ಲಿರುವ ಬೀಟಾ ಗ್ಲೂಕಾನ್ ಎಂಬ ಕರಗುವ ನಾರೂ ದಿನಕ್ಕೆ 3 ಗ್ರಾಂನಷ್ಟು ಒಳಗೆ ಹೋದರೆ ಅದನ್ನೇ ಮಾಡುತ್ತದೆ. ಓಟ್ಸ್ ಬೇಯುವಾಗ ಸೌಟಿಗೆ ಅಂಟುವ ಲೋಳೆ ಇದೆಯಲ್ಲ, ಅದರಲ್ಲಿರುವುದು ಇದೇ. ಕರುಳಿನಲ್ಲೂ ಅದು ಹಾಗೆಯೇ ದಪ್ಪಗಾಗಿ, ಕೊಬ್ಬನ್ನು ಜೀರ್ಣಿಸಲು ನೆರವಾಗುವ ಪಿತ್ತಾಮ್ಲಗಳನ್ನು ಹಿಡಿದುಕೊಂಡು ಮಲದೊಂದಿಗೆ ಹೊರಗೆ ಸಾಗಿಸುತ್ತದೆ. ಪಿತ್ತಾಮ್ಲ ತಯಾರಾಗುವುದು ಕೊಲೆಸ್ಟರಾಲ್‌ನಿಂದ. ಹೋದದ್ದನ್ನು ತುಂಬಿಕೊಳ್ಳಲು ಯಕೃತ್ತು ರಕ್ತದಲ್ಲಿನ ಕೊಲೆಸ್ಟರಾಲನ್ನು ಎಳೆದುಕೊಳ್ಳುತ್ತದೆ.

ಆದರೆ ಹೃದಯ ಕೆಡುವುದು ಕೊಲೆಸ್ಟರಾಲ್ ಒಂದರಿಂದಲೇ ಅಲ್ಲ. ರಕ್ತದೊತ್ತಡ, ತೂಕ, ಸಕ್ಕರೆ ಎಲ್ಲದರ ಪಾಲೂ ಇದೆ. ಮೈದಾ ತಿನಿಸಿನ ಮೇಲೆ ಪುಡಿ ಸುರಿದುಕೊಂಡರೆ ಮೈದಾ ಅಲ್ಲೇ ಉಳಿಯಿತು. ಅದರ ಜಾಗಕ್ಕೆ ಕಾಳು ಬಂದರೆ ನಾರಿನ ಜೊತೆ ಪೊಟ್ಯಾಸಿಯಂ, ಮೆಗ್ನೀಸಿಯಂ ಬಂದವು, ಹೊಟ್ಟೆ ಬೇಗ ತುಂಬಿತು, ಉಪ್ಪು ಸಕ್ಕರೆಯ ತಿಂಡಿಗೆ ಜಾಗ ಕಡಿಮೆಯಾಯಿತು. 2019ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆ 185 ಅಧ್ಯಯನಗಳನ್ನೂ 58 ಪ್ರಯೋಗಗಳನ್ನೂ ಒಟ್ಟುಗೂಡಿಸಿದ ವಿಶ್ಲೇಷಣೆಯೊಂದನ್ನು ಪ್ರಕಟಿಸಿತು. ಅತಿ ಕಡಿಮೆ ನಾರು ತಿನ್ನುವವರಿಗಿಂತ ಹೆಚ್ಚು ತಿನ್ನುವವರಲ್ಲಿ ಹೃದ್ರೋಗದ ಸಾವು ಶೇ. 15ರಿಂದ 30ರಷ್ಟು ಕಡಿಮೆ ಎಂದು ಅದರಲ್ಲಿ ಕಂಡುಬಂತು. ಅದು ಮುಖ್ಯವಾಗಿ ಆಹಾರದಲ್ಲೇ ಇರುವ ನಾರಿನ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಎಂದಾಗಲೂ ಆಹಾರದಲ್ಲಿ ಸಹಜವಾಗಿರುವ ನಾರು ಎಂದೇ ಹೇಳಿತು.

ದಿನಕ್ಕೆ ಎಷ್ಟು ಗ್ರಾಂ ನಾರು ತಿಂದೆವು ಎಂದು ಎಣಿಸುವವರ ಒಂದು ಅಭ್ಯಾಸ ಮಾತ್ರ ನನಗೆ ಬಹಳ ಮೆಚ್ಚುಗೆ: ಪೊಟ್ಟಣ ತಿರುಗಿಸಿ ನೋಡುವುದು. ಮುಂಬದಿಯಲ್ಲಿ ‘ಬಹುಧಾನ್ಯ’ ಎಂದು ದಪ್ಪಕ್ಷರದಲ್ಲಿ ಇರುತ್ತದೆ, ಹಿಂಬದಿಯ ಪಟ್ಟಿಯ ಮೊದಲ ಹೆಸರು ಮೈದಾ ಆಗಿರುತ್ತದೆ. ಧಾನ್ಯದ ತಿನಿಸಾದರೆ 10 ಗ್ರಾಂ ಕಾರ್ಬೋಹೈಡ್ರೇಟ್‌ಗೆ ಕನಿಷ್ಠ 1 ಗ್ರಾಂ ನಾರು ಇದೆಯೇ ಎಂದು ನೋಡಿದರೆ ಸಾಕು, ಬಣ್ಣ ಬಯಲಾಗುತ್ತದೆ. ಹಣ್ಣಿನ ರಸದ್ದೂ ಇದೇ ಕಥೆ. ಸಿಪ್ಪೆ ಸಮೇತ ಒಂದು ಸೇಬು ತಿಂದರೆ ಸುಮಾರು 4 ಗ್ರಾಂ ನಾರು ಸಿಗುತ್ತದೆ, ಸೋಸಿದ ರಸದಲ್ಲಿ ಹೆಚ್ಚುಕಡಿಮೆ ಏನೂ ಉಳಿದಿರುವುದಿಲ್ಲ.

ಯಾವ ದಾರಿ ಹಿಡಿದರೂ ಆತುರ ಬೇಡ. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸಿ, ಬೇಸತ್ತು ಬಿಟ್ಟುಬಿಡುತ್ತಾರೆ. ಕೆಲವು ವಾರಗಳಲ್ಲಿ ಹಂತಹಂತವಾಗಿ ಏರಿಸಬೇಕು, ನೀರನ್ನೂ ಹೆಚ್ಚಿಸಬೇಕು. ಇಸಬ್ಗೋಲನ್ನು ಸಾಕಷ್ಟು ನೀರಿಲ್ಲದೆ ನುಂಗಿದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿದೆ. ಅದು ಕೆಲವು ಔಷಧಗಳು ಮೈಗೆ ಸೇರುವುದನ್ನೂ ತಡೆಯಬಲ್ಲದು. ಹಾಗಾಗಿ ಮಾತ್ರೆಗೂ ಪುಡಿಗೂ ನಡುವೆ ಒಂದೆರಡು ಗಂಟೆ ಅಂತರವಿರಲಿ. ನಾರು ತಿನ್ನುತ್ತಿದ್ದೇನೆ ಎಂದು ವೈದ್ಯರನ್ನು ಕೇಳದೆ ಕೊಲೆಸ್ಟರಾಲ್ ಮಾತ್ರೆಯನ್ನು ನಿಲ್ಲಿಸಲೇಬೇಡಿ.