ಅಪ್ಪನ ಅಂಗೈ ತಕ್ಕಡಿ

ನಮ್ಮ ಮನೆಯಲ್ಲಿ ಕಳೆದ ಭಾನುವಾರದಿಂದ ಕಂಪ್ಯೂಟರಿಗೆ ಅಂತಲೇ ಒಂದು ಜೊತೆ ಹವಾಯಿ ಚಪ್ಪಲಿ ಬಂದಿದೆ. ನೀಲಿ ಬಾರು. ಮೇಜಿನ ಕೆಳಗೇ ಇರುತ್ತದೆ. ಕಂಪ್ಯೂಟರ್ ಮುಟ್ಟುವವರು ಮೊದಲು ಅದನ್ನು ಮೆಟ್ಟಿಕೊಳ್ಳಬೇಕು. ಹೊಸ್ತಿಲ ಒಳಗೆ ಚಪ್ಪಲಿ ಕಂಡರೆ ಕೆಂಡವಾಗುವ ಅಮ್ಮನೂ ಇದಕ್ಕೆ ಒಪ್ಪಿದ್ದಾಳೆ. ಅಂದ ಮೇಲೆ ಪರಿಸ್ಥಿತಿ ಎಲ್ಲಿಗೆ ಬಂದಿದೆ ನೀವೇ ಊಹಿಸಿ. ಇದಕ್ಕೆಲ್ಲ ಕಾರಣ ನಾನು, ಮತ್ತು ಅಪ್ಪನ ಬಲಗೈ.

ಕಂಪ್ಯೂಟರಿನ ಹಿಂದುಗಡೆ ಫ್ಯಾನ್ ತಿರುಗಿಸಿಕೊಂಡು ಕೂತಿರುವ ತಗಡಿನ ಡಬ್ಬ ಇದೆಯಲ್ಲ, ಎಸ್‌ಎಂಪಿಎಸ್, ಅದು ಹೋಯಿತು. ಗೋಡೆಯ 230 ವೋಲ್ಟ್ ತಗೊಂಡು 12, 5, 3.3 ಅಂತ ಪಾಲು ಮಾಡಿ ಹಂಚುವುದು ಅದರ ಕೆಲಸ. 11 ವರ್ಷ ಹಂಚಿತು. ಒಂದು ರಾತ್ರಿ 'ಟಪ್' ಅಂದು ಸುಮ್ಮನಾಯಿತು. ಹೊಸದು ತರೋಣ ಅಂತ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಗೆ ಹೊರಟೆ. 'ನಾನೂ ಬರ್ತೀನಿ' ಅಂತ ಅಪ್ಪ ಚೀಲ ಹಿಡಿದುಕೊಂಡು ಹೊರಟರು. ಅಲ್ಲೇ ಎಡವಟ್ಟಾಗಿದ್ದು.

ಅಪ್ಪ ಯಾವ ಸಾಮಾನನ್ನೂ ಕಣ್ಣಿನಲ್ಲಿ ನೋಡುವವರಲ್ಲ, ಕೈಯಲ್ಲಿ ನೋಡುವವರು. ಅಂಗೈ ಮೇಲೆ ಇಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ, ಎರಡು ಸಲ ಮೇಲೆ ಕೆಳಗೆ ಆಡಿಸುತ್ತಾರೆ. ಆಮೇಲೆ ತೀರ್ಪು. 'ಭಾರ ಇದೆ', ಇಲ್ಲವೇ 'ಹಗುರ'. ಹಗುರ ಅಂದರೆ ಆ ಸಾಮಾನಿನ ಕಥೆ ಮುಗಿಯಿತು. ಸೋರೆಕಾಯಿ, ತೆಂಗಿನಕಾಯಿಗೆ ಇದು ಸರಿ. ನಾನು 15 ಸಾವಿರ ಕೊಟ್ಟು ಮೊಬೈಲ್ ತಂದಾಗ ಅದನ್ನೂ ಆಡಿಸಿ, 'ಇದರೊಳಗೆ ಏನೂ ಇಲ್ಲ ಕಣೋ' ಅಂದರು. ಹಾಸ್ಟೆಲ್ಲಿನಿಂದ ಬಂದ ಮೊಮ್ಮಗಳ ಬ್ಯಾಗ್ ಎತ್ತಿ ನೋಡಿ, 'ಚೆನ್ನಾಗಿ ಓದ್ತಿದಾಳೆ' ಅಂತ ಹೇಳಿದರು. ತಂಗಿಯ ಮದುವೆ ಮಾತುಕತೆಗೆ ಹೋದಾಗ ಗಂಡಿನ ಮನೆಯಲ್ಲಿ ಕಾಫಿ ಕೊಟ್ಟರು. ಕುಡಿದು ಮುಗಿಸಿದ ಮೇಲೆ ಯಾರೂ ನೋಡದ ಹಾಗೆ ಲೋಟವನ್ನು ಎರಡು ಸಲ ಆಡಿಸಿದರು. ಸಂಬಂಧ ಕುದುರಿತು. ಅಳಿಯಂದಿರಿಗೆ ಈ ವಿಷಯ ಇಲ್ಲಿಯವರೆಗೆ ಗೊತ್ತಿರಲಿಲ್ಲ.

ಅಂಗಡಿಯವನು ಮೂರು ಡಬ್ಬ ಇಟ್ಟ. ಒಂದು 500 ರೂಪಾಯಿ, ಒಂದು 650. ಮೂರನೆಯದು 2,600, ಅದು ಸೀಲ್ ಆದ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆ ಸಮೇತ ತೂಗುವುದು ಅಪ್ಪನ ಶಾಸ್ತ್ರದಲ್ಲಿ ಇಲ್ಲ. ಉಳಿದ ಎರಡನ್ನು ಎರಡು ಕೈಯಲ್ಲಿ ಹಿಡಿದರು. ಹಿಂದೆ ನಿಂತಿದ್ದ ಗಿರಾಕಿಗಳೂ ಮಾತು ನಿಲ್ಲಿಸಿದರು. 'ಇದು ಭಾರ ಇದೆ' ಅಂತ 650ರದ್ದನ್ನು ಎತ್ತಿ ಹಿಡಿದರು. ಅಂಗಡಿಯವನು ಕೈ ಮುಗಿಯುವುದೊಂದು ಬಾಕಿ. 'ನೋಡಿ ಯಜಮಾನ್ರೇ, ತೂಕ ಗೊತ್ತಾಗೋದು ನಿಮ್ಮಂಥವರಿಗೇ. ಈಗಿನವರು ಬರೀ ಸ್ಟಿಕ್ಕರ್ ನೋಡ್ತಾರೆ' ಅಂದ. ಡಿಪ್ಲೊಮಾದಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ನಾನು ಸ್ಟಿಕ್ಕರ್ ನೋಡುತ್ತಾ ನಿಂತಿದ್ದೆ. 450 ಅಂತ ದಪ್ಪಗೆ ಬರೆದಿತ್ತು. ಸುಮ್ನೆ ದುಡ್ಡು ಕೊಟ್ಟೆ.

19 ದಿನ ಬಂತು. ಮಗ ಆಟ ಶುರು ಮಾಡಿದ ಕೂಡಲೇ ಕಂಪ್ಯೂಟರ್ ತಾನಾಗೇ ಆಫ್ ಆಗಿ ಆನ್ ಆಗತೊಡಗಿತು. ಜೊತೆಗೊಂದು ವಾಸನೆ. 'ಪಕ್ಕದ ಮನೆಯಲ್ಲಿ ಮೀನು ಹುರೀತಿದಾರಾ?' ಅಂತ ಅಮ್ಮ ಕಿಟಕಿ ಮುಚ್ಚಿದಳು. ವಾಸನೆ ಹೆಚ್ಚಾಯಿತು. ಡಬ್ಬದೊಳಗೆ ಕರೆಂಟ್ ಕೂಡಿಟ್ಟುಕೊಳ್ಳುವ ಪುಟ್ಟ ಡಬ್ಬಿ, ಕೆಪಾಸಿಟರ್, ಸೋರಿದರೆ ಕೆಲವು ಸಲ ಹೀಗೇ ಮೀನಿನ ವಾಸನೆ ಬರುತ್ತದೆ. ಪಾಪ, ಪಕ್ಕದವರನ್ನು ಅಮ್ಮ ಎರಡು ದಿನ ಸರಿಯಾಗಿ ಮಾತಾಡಿಸಲಿಲ್ಲ. ಅಂಗಡಿಗೆ ಹೋದರೆ, 'ಸಾರ್, ಇದಕ್ಕೆ ಟೆಸ್ಟಿಂಗ್ ವಾರಂಟಿ' ಅಂದ. ಅಂದರೆ ಅಂಗಡಿಯಲ್ಲಿ ಆನ್ ಆಗಿದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ, ಅದೇ ವಾರಂಟಿ.

ಸಿಟ್ಟಿಗೆ ನಾನೇ ಬಿಚ್ಚಿದೆ. ಮೊದಲು ಭೂತಕನ್ನಡಿ ಹಿಡಿದು ಸ್ಟಿಕ್ಕರ್ ಓದಿದೆ. 450 ಅನ್ನುವುದು ವ್ಯಾಟ್ ಅಲ್ಲ, ಮಾಡೆಲ್ ಹೆಸರು! ಕೆಳಗೆ ಸಾಸಿವೆ ಅಕ್ಷರದಲ್ಲಿ 12 ವೋಲ್ಟಿಗೆ 10 ಆಂಪ್ ಅಂತ ಇತ್ತು. ಅಲ್ಲಿಗೆ 120 ವ್ಯಾಟ್. 5 ವೋಲ್ಟ್, 3.3 ವೋಲ್ಟ್ ಎಲ್ಲ ಕೂಡಿಸಿದರೂ 200 ದಾಟುವುದು ಕಷ್ಟ.

ಮುಚ್ಚಳ ತೆಗೆದರೆ ಒಳಗೆ ಬೆಂಗಳೂರಿನ ಹೊರವಲಯ. ಬೋರ್ಡಿನ ಮೇಲೆ ಲೇಔಟ್ ಮಾಡಿದ್ದಾರೆ, ಸೈಟಿಗೆ ನಂಬರ್ ಬರೆದಿದ್ದಾರೆ, ಒಂದು ಮನೆಯನ್ನೂ ಕಟ್ಟಿಲ್ಲ. ಕರೆಂಟ್ ಒಳಗೆ ಬರುವ ಜಾಗದಲ್ಲಿ ಫಿಲ್ಟರ್ ಇರಬೇಕು, ಒಂದು ಕಾಯಿಲ್, ನಾಲ್ಕು ಕೆಪಾಸಿಟರ್. ಕಾಯಿಲ್ ಜಾಗಕ್ಕೆ ಎರಡು ತುಂಡು ತಂತಿ. ಕೆಪಾಸಿಟರ್ ಸೈಟುಗಳು ಖಾಲಿ. ದೊಡ್ಡ ಕೆಪಾಸಿಟರ್ ಎರಡರ ಮೇಲೆ 470 ಮೈಕ್ರೋಫ್ಯಾರಡ್ ಅಂತ ಇತ್ತು, ಮೀಟರ್ ಇಟ್ಟರೆ 212. ಸಣ್ಣವು ನಾಲ್ಕು ತಲೆ ಉಬ್ಬಿಸಿಕೊಂಡು ಪೂರಿ ಹಾಗೆ ಕೂತಿದ್ದವು.

ಹಾಗಾದರೆ ಈ ಭಾರ ಎಲ್ಲಿಂದ ಬಂತು? ತಳದಲ್ಲಿ ಅಂಗೈ ಅಗಲದ ಕಬ್ಬಿಣದ ತುಂಡು. ಎರಡು ಸ್ಕ್ರೂ ಹಾಕಿ ಬಿಗಿದಿದ್ದರು. ಅದಕ್ಕೆ ಯಾವ ವೈರೂ ಇಲ್ಲ, ಯಾವ ಕೆಲಸವೂ ಇಲ್ಲ. ಅದು ಅಲ್ಲಿದ್ದದ್ದು ಅಪ್ಪನಿಗಾಗಿ. ಎಲ್ಲೋ ದೂರದ ಕಾರ್ಖಾನೆಯಲ್ಲಿ ಯಾರೋ ನಮ್ಮಪ್ಪನನ್ನು ನೋಡದೆಯೇ ಅರ್ಥ ಮಾಡಿಕೊಂಡಿದ್ದಾರೆ.

ಅಲ್ಲಿಗೆ ಬಿಟ್ಟುಬಿಡಬೇಕಿತ್ತು, ಅಲ್ವಾ? ಬಿಡಲಿಲ್ಲ. ಇದನ್ನು ರಿಪೇರಿ ಮಾಡಿ ಒಳ್ಳೆಯದನ್ನಾಗಿ ಮಾಡುತ್ತೇನೆ ಅಂತ ಹಟ ಹಿಡಿದೆ. ಎರಡು ಭಾನುವಾರ ಹೋಯಿತು. ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಜಾಸ್ತಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ. ಬಲ್ಬ್ ಹಿಡಿದು ಅದನ್ನು ಇಳಿಸಿಯೇ ಕೈ ಹಾಕಿದೆ. 105 ಡಿಗ್ರಿ ತಡೆಯುವ ಹೊಸ ಕೆಪಾಸಿಟರ್ ಹಾಕಿದೆ. ಸತ್ತ ಹಳೆಯ ಎಸ್‌ಎಂಪಿಎಸ್‌ನಿಂದ ಫಿಲ್ಟರ್ ಕಿತ್ತು ಖಾಲಿ ಸೈಟುಗಳಲ್ಲಿ ಮನೆ ಕಟ್ಟಿದೆ. 'ಹಳೇದನ್ನೇ ರಿಪೇರಿ ಮಾಡಬಹುದಿತ್ತಲ್ರೀ?' ಅಂದಳು ಹೆಂಡತಿ. ಬಿಸಿ ಸೋಲ್ಡರಿಂಗ್ ಐರನ್ ಹಿಡಿದವರ ಹತ್ತಿರ ಇಂಥ ಪ್ರಶ್ನೆ ಕೇಳಬಾರದು.

ಬೆಸುಗೆಯ ಹೊಗೆ ಎದ್ದಾಗ ಅಪ್ಪ ಪಕ್ಕ ಬಂದು ಕೂತರು. ರಾಳದ ವಾಸನೆ. 'ಹಾಸನದ ರೇಡಿಯೋ ಅಂಗಡೀಲಿ ಹೀಗೇ ಇರ್ತಿತ್ತು' ಅಂದರು. ನಮ್ಮ ಮನೆಯ ವಾಲ್ವ್ ರೇಡಿಯೋವನ್ನು ಟವೆಲಿನಲ್ಲಿ ಸುತ್ತಿ, ತೊಡೆ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಒಯ್ಯುತ್ತಿದ್ದರು. ಅದರಲ್ಲಿ ನಿಜವಾದ ಟ್ರಾನ್ಸ್‌ಫಾರ್ಮರ್ ಇತ್ತು, ನಿಜವಾದ ಭಾರ. ಆಗ ಅಂಗೈ ಸುಳ್ಳು ಹೇಳುತ್ತಿರಲಿಲ್ಲ. ಈಗ ಆ ಅಂಗಡಿಯಲ್ಲಿ ಮೊಬೈಲ್ ಕವರ್ ನೇತುಹಾಕಿದ್ದಾರೆ. ಕಬ್ಬಿಣದ ತುಂಡಿನ ಬಗ್ಗೆ ನಾನು ಅಲ್ಲಿಯವರೆಗೂ ಅವರಿಗೆ ಹೇಳಿರಲಿಲ್ಲ. ಆವತ್ತೂ ಹೇಳಲು ಮನಸ್ಸು ಬರಲಿಲ್ಲ.

ಭಾನುವಾರ ಬೆಳಗ್ಗೆ ಪರೀಕ್ಷೆ. ಕರೆಂಟ್ ಬರುವ ದಾರಿಯಲ್ಲಿ ಸೀರೀಸಿಗೆ 100 ವ್ಯಾಟಿನ ಬಲ್ಬ್, ಕಂಪ್ಯೂಟರಿಗೆ ಜೋಡಿಸದೆಯೇ ಡಬ್ಬ ಆನ್ ಆಗಲಿ ಅಂತ ಹಸಿರು ವೈರಿನಿಂದ ಕಪ್ಪು ವೈರಿಗೆ ಹೆಂಡತಿಯ ಹೇರ್‌ಪಿನ್. ಸ್ವಿಚ್ ಒತ್ತಿದೆ. ಬಲ್ಬ್ ಒಮ್ಮೆ ಮಿಂಚಿ ಮಂಕಾಯಿತು. ಅಂದರೆ ಶಾರ್ಟ್ ಇಲ್ಲ. ಫ್ಯಾನ್ ತಿರುಗಿತು! ಕ್ಯಾಬಿನೆಟ್ಟಿಗೆ ಕೂರಿಸಿ ಮಗನ ಆಟ ಒಂದು ಗಂಟೆ ಆಡಿಸಿದರೂ ಆಫ್ ಆಗಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆಪಟ್ಟಿದ್ದು ಕಡಿಮೆ.

ಅಪ್ಪ ಸ್ನಾನ ಮುಗಿಸಿ, ಒದ್ದೆ ಕಾಲಲ್ಲಿ ಬಂದು, ಪ್ರೀತಿಯಿಂದ ಕ್ಯಾಬಿನೆಟ್ ತಟ್ಟಿದರು.

'ಅಯ್ಯಯ್ಯೋ!'

ಟೆಸ್ಟರ್ ಇಟ್ಟರೆ ಕ್ಯಾಬಿನೆಟ್ ಪೂರ್ತಿ ದೀಪ ಹಚ್ಚಿದ ಹಾಗೆ. 'ಅಪ್ಪ, ಬಾಡಿಗೆ ಕರೆಂಟ್ ಬರ್ತಿದೆ' ಅಂದೆ. 'ಮನೆ ಸ್ವಂತದ್ದು, ಕರೆಂಟ್ ಮಾತ್ರ ಬಾಡಿಗೆದಾ?' ಅಂತ ಕೈ ಉಜ್ಜಿಕೊಳ್ಳುತ್ತಾ ಕೇಳಿದರು.

ತಪ್ಪು ನನ್ನ ಒಳ್ಳೆಯತನದ್ದೇ. ಫಿಲ್ಟರಿನಲ್ಲಿ ನೀಲಿ ಬಣ್ಣದ ಎರಡು ಪುಟ್ಟ ಕೆಪಾಸಿಟರ್ ಇರುತ್ತವೆ. ಫೇಸಿನಿಂದ ಒಂದು, ನ್ಯೂಟ್ರಲಿನಿಂದ ಒಂದು, ಎರಡೂ ತಗಡಿಗೆ ಸೇರುತ್ತವೆ. ಕರೆಂಟಿನಲ್ಲಿರುವ ಬೇಡದ ಗದ್ದಲವನ್ನು ಅರ್ಥಿಂಗಿಗೆ ಸಾಗಹಾಕಲು. ಅರ್ಥಿಂಗೇ ಇಲ್ಲದಿದ್ದರೆ 230ರಲ್ಲಿ ಅರ್ಧ, ಹೆಚ್ಚುಕಡಿಮೆ 115 ವೋಲ್ಟ್, ತಗಡಿನ ಮೇಲೇ ನಿಲ್ಲುತ್ತದೆ. ಕರೆಂಟ್ ತೀರಾ ಸಣ್ಣದು, ಜುಮ್ ಅನ್ನಿಸುತ್ತದೆ ಅಷ್ಟೆ. ಕಾರ್ಖಾನೆಯವನು ಆ ಕೆಪಾಸಿಟರಿನ ದುಡ್ಡನ್ನೂ ಉಳಿಸಿದ್ದ, ಅದಕ್ಕೇ 19 ದಿನ ಕಚ್ಚಿರಲಿಲ್ಲ. ಹಳೆಯ ಎಸ್‌ಎಂಪಿಎಸ್ ಇದ್ದಾಗ ಕಂಪ್ಯೂಟರ್ ಹಜಾರದಲ್ಲಿತ್ತು, ಅಲ್ಲಿ ಅರ್ಥಿಂಗ್ ಇದೆ. ಈಗ ಆ ಜಾಗದಲ್ಲಿ ಅಮ್ಮನ ಹೊಲಿಗೆ ಮೆಷಿನ್ ಬಂದಿದೆ, ಅದನ್ನು ಅಲ್ಲಾಡಿಸುವ ಧೈರ್ಯ ಯಾರಿಗಿದೆ? ಕಂಪ್ಯೂಟರ್ ಈಗಿರುವ ಒಳಕೋಣೆಯ ಸಾಕೆಟ್ ಬಿಚ್ಚಿದರೆ ತೂತು ಮೂರು, ವೈರ್ ಎರಡು. ಮನೆ ಕಟ್ಟಿಸುವಾಗ ಸಾಕೆಟ್ ಆರಿಸಿದ್ದು ಯಾರು ಅಂತ ನಾನು ಹೇಳಬೇಕಾಗಿಲ್ಲ. ಒಳ್ಳೆ ಭಾರ ಇದೆ ಸಾಕೆಟ್ಟು.

ಹೆಂಡತಿ ಲೆಕ್ಕ ಬರೆದಳು. ಎಸ್‌ಎಂಪಿಎಸ್ 650, ಕೆಪಾಸಿಟರ್ 310, ಹೊಸ ಫ್ಯಾನ್ 220, ಸೀಸ ಮತ್ತು ಐರನ್ ಬಿಟ್ 190, ಆಟೋ 480. ಅರ್ಥಿಂಗ್ ವೈರ್ ಎಳೆಯಲು ಎಲೆಕ್ಟ್ರಿಷಿಯನ್ ಕೇಳಿದ್ದು 1,200. ಒಟ್ಟು 3,050. ಸೀಲ್ ಆದ ಪೆಟ್ಟಿಗೆಯದು 2,600 ಅಂತ ಪಕ್ಕದಲ್ಲೇ ಬರೆದು, ಕೆಳಗೆ ಎರಡು ಗೆರೆ ಎಳೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಎಲೆಕ್ಟ್ರಿಷಿಯನ್ 'ನಾಳೆ ಬರ್ತೀನಿ ಸಾರ್' ಅಂದು ಇವತ್ತಿಗೆ ನಾಲ್ಕನೇ ದಿನ. ಅಲ್ಲಿಯವರೆಗೆ ಚಪ್ಪಲಿ.

ಕಬ್ಬಿಣದ ತುಂಡು ಗಾಳಿಗೆ ಬಡಿದುಕೊಳ್ಳುವ ಕೋಣೆ ಬಾಗಿಲಿಗೆ ಒತ್ತಾಗಿದೆ. ನಿನ್ನೆ ಸಂಜೆ ಅಪ್ಪ ಅದನ್ನು ಎತ್ತಿ, 'ಇದೆಲ್ಲಿತ್ತೋ?' ಅಂತ ಕೇಳಿದರು. ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕಣ್ಣು ಅರ್ಧ ಮುಚ್ಚಿ, ಎರಡು ಸಲ ಆಡಿಸಿದರು.

'ಏನೇ ಹೇಳು, ಇಡೀ ಡಬ್ಬದಲ್ಲಿ ಕೆಡದೇ ಇದ್ದ ಸಾಮಾನು ಇದೊಂದೇ' ಅಂದರು. ಕಾಲಲ್ಲಿ ನೀಲಿ ಚಪ್ಪಲಿ ಇತ್ತು.