ಬಣ್ಣಕ್ಕಿಂತ ಮೊದಲು ಹಾರುವ ರೀತಿ ನೋಡಿ
ನಿಮ್ಮ ಲೇಖನದಲ್ಲಿ ಜೌಗು ಪ್ರದೇಶದ ಅಪರೂಪದ ಬೇಟೆ ಹಕ್ಕಿಗಳನ್ನು ಬಣ್ಣ ನೋಡಿ ಗುರುತಿಸಿ ಎಂದು ಬರೆದಿದ್ದೀರಿ. ಲೇಖನ ಇಷ್ಟವಾಯಿತು, ಆದರೆ ಈ ಮಾತು ಒಪ್ಪಲು ಕಷ್ಟ. ಎದುರು ಬಿಸಿಲಿದ್ದರೆ ಎಲ್ಲ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ, ಅಲ್ವಾ?

ನಾನು ಮೊದಲು ರೆಕ್ಕೆ ಹಿಡಿಯುವ ರೀತಿ ನೋಡುತ್ತೇನೆ. ಮಾರ್ಷ್ ಹ್ಯಾರಿಯರ್ ಎಂಬ ಜೌಗಿನ ಬೇಟೆ ಹಕ್ಕಿ ಜೊಂಡಿನ ಮೇಲೆ ತೀರಾ ತಗ್ಗಿನಲ್ಲಿ ತೇಲುತ್ತದೆ. ರೆಕ್ಕೆ ಎರಡೂ ಸ್ವಲ್ಪ ಮೇಲಕ್ಕೆ ಎತ್ತಿರುತ್ತವೆ. ಗ್ರೇಟರ್ ಸ್ಪಾಟೆಡ್ ಈಗಲ್ ಎಂಬ ದೊಡ್ಡ ಹದ್ದು ತೇಲುವಾಗ ರೆಕ್ಕೆಯ ತುದಿ ಕೆಳಕ್ಕೆ ಬಾಗಿರುತ್ತದೆ. ಇಷ್ಟು ಗೊತ್ತಿದ್ದರೆ ಅರ್ಧ ಗೊಂದಲ ಹೋಗುತ್ತದೆ. ಹ್ಯಾರಿಯರ್ ಹೆಣ್ಣು ಕಡು ಕಂದು, ನೆತ್ತಿ, ಗಂಟಲು ಕೆನೆ ಬಣ್ಣ. ಅದನ್ನೇ ಹದ್ದು ಎಂದುಕೊಂಡು ನಾನೂ ಎಷ್ಟೋ ದಿನ ಖುಷಿಪಟ್ಟಿದ್ದೆ!

ಮೀನು ಹಿಡಿಯುವ ಬೇಟೆ ಹಕ್ಕಿ ಆಸ್ಪ್ರೇಯನ್ನು ಗುರುತಿಸುವುದು ಸುಲಭ. ಕಾಲು ಮುಂದೆ ಚಾಚಿ ನೀರಿಗೆ ಬೀಳುತ್ತದೆ. ಹಿಡಿದ ಮೀನಿನ ತಲೆ ಮುಂದೆ ಬರುವಂತೆ ತಿರುಗಿಸಿಕೊಂಡು ಹಾರುತ್ತದೆ. ಗಾಳಿಯ ತಡೆ ಕಡಿಮೆಯಾಗಲು ಅದು ಮಾಡುವ ಉಪಾಯ ಎಷ್ಟು ಚೆಂದ.

ಇನ್ನೊಂದು ಮಾತು. ಸುಮ್ನೆ ಆಕಾಶವನ್ನೇ ನೋಡುತ್ತಾ ಕೂರಬೇಡಿ, ನೀರಿನ ಮೇಲಿರುವ ಬಾತುಗಳನ್ನೂ ಗಮನಿಸಿ. ಅವು ಒಟ್ಟಿಗೆ ಗಾಬರಿಯಿಂದ ಎದ್ದರೆ ಮೇಲೆ ಬೇಟೆ ಹಕ್ಕಿ ಬಂದಿರುವ ಸಾಧ್ಯತೆ ಜಾಸ್ತಿ.

ದಯವಿಟ್ಟು ಫೋಟೋ ಆಸೆಗೆ ಜೊಂಡಿನೊಳಗೆ ನುಗ್ಗಬೇಡಿ. ಹ್ಯಾರಿಯರ್ ರಾತ್ರಿ ತಂಗುವುದೂ ಅಲ್ಲೇ, ನೆಲಮಟ್ಟದಲ್ಲೇ. ಸ್ಪಾಟೆಡ್ ಈಗಲ್ ಅಂತೂ ಅಳಿವಿನ ಭೀತಿಯಲ್ಲಿರುವ ಹಕ್ಕಿ. ಅದು ಕೂತ ಮರದಿಂದ ದೂರವೇ ನಿಂತು ದೂರದರ್ಶಕದಲ್ಲಿ ನೋಡಿ.